ಒಳಗೆ ಹೋಗುವ ಮುಂಚೆ ಹಿಂಬಾಗಿಲು ನೋಡಿಕೊಳ್ಳಿ

ಪ್ರಶ್ನೆ: ನಮಸ್ಕಾರ ಸರ್. ನಾನು ತೀರ್ಥಹಳ್ಳಿ ಕಡೆಯವಳು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿದ್ದೇನೆ. ನಮ್ಮ ಕಡೆಯ ಮಾತಿನಿಂದ ಮರೆಯಾಗುತ್ತಿರುವ ಪದಗಳನ್ನು ದಿನಕ್ಕೊಂದರಂತೆ ಬರೆದು ಹಾಕುವುದು ನನ್ನ ಅಭ್ಯಾಸ. ಮೊದಲ ಎರಡು ವರ್ಷ ಬೇರೊಂದು ತಾಣದಲ್ಲಿ ಬರೆದೆ, ಅದು ಮುಚ್ಚಿಹೋಯಿತು, ಬರೆದದ್ದೆಲ್ಲ ಅದರ ಜೊತೆಗೇ ಹೋಯಿತು. ಆಮೇಲೆ 2014ರಿಂದ ಟ್ವಿಟರ್‌ನಲ್ಲಿ, ಅಂದರೆ ಈಗಿನ ಎಕ್ಸ್‌ನಲ್ಲಿ ಹಾಕುತ್ತಿದ್ದೇನೆ. ಈಚೆಗೆ ಅಲ್ಲಿ ಮಾತಾಡಿಸುವವರು ಕಡಿಮೆಯಾಗಿದ್ದಾರೆ. ಮಗಳು ಥ್ರೆಡ್ಸ್‌ಗೆ ಬಾ ಅನ್ನುತ್ತಾಳೆ. ಅಳಿಯ ಬ್ಲೂಸ್ಕೈ ಒಳ್ಳೆಯದು ಅನ್ನುತ್ತಾರೆ. ಹಳೆಯ ವಿದ್ಯಾರ್ಥಿಯೊಬ್ಬ ಮ್ಯಾಸ್ಟೊಡಾನ್ ಬಿಟ್ಟು ಬೇರೆಲ್ಲೂ ಹೋಗಬೇಡಿ ಮೇಡಂ ಎಂದು ಹಟ ಹಿಡಿದಿದ್ದಾನೆ. ಇನ್ನೊಂದು ಸಲ ಎಲ್ಲವನ್ನೂ ಕಳೆದುಕೊಳ್ಳುವ ಧೈರ್ಯ ನನಗಿಲ್ಲ. ಎಲ್ಲಿಗೆ ಹೋಗಲಿ? ಅಥವಾ ಹೋಗುವುದೇ ಬೇಡವೇ? ಮಾದರಿಗೆ ಹತ್ತು ಪದಗಳನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಹೋಗಿ ಮೇಡಂ. ಆದರೆ ಗಂಟುಮೂಟೆ ಕಟ್ಟಿಕೊಂಡು ಹೋಗಬೇಡಿ. ಸಂತೆಗೆ ಹೋದ ಹಾಗೆ ಹೋಗಿ, ಸಂಜೆಗೆ ಮನೆಗೆ ಬನ್ನಿ. ಮನೆ ಅಂದರೆ ನಿಮ್ಮ ಕೈಯಲ್ಲೇ ಇರುವ ಒಂದು ಪ್ರತಿ. ಅದೊಂದು ಇಲ್ಲದಿದ್ದರೆ ಥ್ರೆಡ್ಸ್‌ಗೆ ಹೋದರೂ ಒಂದೇ, ಬ್ಲೂಸ್ಕೈಗೆ ಹೋದರೂ ಒಂದೇ, ಎಕ್ಸ್‌ನಲ್ಲೇ ಉಳಿದರೂ ಒಂದೇ. ನಿಮ್ಮ ಮಗಳು, ಅಳಿಯ, ಶಿಷ್ಯ ಮೂವರೂ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ. ಆದರೆ ಮೂವರೂ ಹೇಳಿದ್ದು ಒಳಗೆ ಹೋಗುವ ಬಾಗಿಲಿನ ಮಾತು. ಇಂಥ ತಾಣಗಳಲ್ಲಿ ಕನ್ನಡ ಹೇಗೆ ಬಾಳುತ್ತದೆ ಎಂದು ನೋಡುವುದೇ ಎಷ್ಟೋ ವರ್ಷಗಳಿಂದ ನನ್ನ ಕೆಲಸ. ಹೊಸದೊಂದು ಬಂತೆಂದರೆ ನಾನು ಮೊದಲು ಹುಡುಕುವುದು ಹೊರಗೆ ಬರುವ ಹಿಂಬಾಗಿಲನ್ನು, ಅಂದರೆ ಬರೆದದ್ದನ್ನೂ ಜೊತೆಗಿದ್ದವರನ್ನೂ ಕರೆದುಕೊಂಡು ಹೊರಡುವ ದಾರಿಯನ್ನು.

ನೀವು ಕಳಿಸಿದ ಹತ್ತರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಗೊರಬು’. ಬಿದಿರ ಸೀಳಿನ ನಡುವೆ ಎಲೆ ಒತ್ತಿ ಹೆಣೆದು, ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನು ಮುಚ್ಚುವಂತೆ ಹೊದ್ದುಕೊಂಡು, ಎರಡೂ ಕೈ ಬಿಡುವಾಗಿಟ್ಟುಕೊಂಡು ಬಗ್ಗಿ ನಾಟಿ ಮಾಡುವ ಹೆಂಗಸರ ಮಳೆಗಾಲದ ಹೊದಿಕೆ. ನೀವು ಅಷ್ಟು ಬರೆದಿರಿ. ಅದರ ಕೆಳಗೆ ಕುಂದಾಪುರದ ಕಡೆಯವರೊಬ್ಬರು ಅಜ್ಜಿ ಅದನ್ನು ಯಾವ ಎಲೆಯಲ್ಲಿ ಹೆಣೆಯುತ್ತಿದ್ದರು ಎಂದು ಬರೆದರು, ಇನ್ನೊಬ್ಬರು ತುಳುವಿನಲ್ಲಿ ಇದು ‘ಕೊರಂಬು’ ಎಂದರು. ಈ ಉತ್ತರಗಳ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ, ಯಾಕೆಂದರೆ ನಿಮ್ಮ ನಿಜವಾದ ಆಸ್ತಿ ಅಲ್ಲಿದೆ.

ನಿಮ್ಮ ಮೊದಲ ಎರಡು ವರ್ಷ ಹೋದದ್ದು ನಿಮ್ಮ ತಪ್ಪಿನಿಂದಲ್ಲ. ಯಾವ ತಾಣವೆಂದು ನೀವು ಹೆಸರು ಬರೆದಿಲ್ಲ, ಬೇಡವೂ ಬೇಡ. ಸಾಮಾಜಿಕ ತಾಣಗಳ ಚರಿತ್ರೆಯೇ ಮುಚ್ಚಿದ ಬಾಗಿಲುಗಳ ಚರಿತ್ರೆ. ಪೌನ್ಸ್ 2007ರಲ್ಲಿ ಬಂದು 2008ಕ್ಕೆ ಹೋಯಿತು. ಜೈಕುವನ್ನು ಗೂಗಲ್ ಕೊಂಡುಕೊಂಡು 2012ರಲ್ಲಿ ನಿಲ್ಲಿಸಿತು. ನಮ್ಮವರು ತುಂಬಿಕೊಂಡಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ದುಡ್ಡಿದ್ದವರು ನಡೆಸಿದ್ದೂ ಹೋಗಿದೆ, ದುಡ್ಡಿಲ್ಲದವರು ನಡೆಸಿದ್ದೂ ಹೋಗಿದೆ.

ಕನ್ನಡದವರು ಮರೆಯಬಾರದ ಒಂದು ಉದಾಹರಣೆ ಕೂ. ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಕಟ್ಟಿದ ಆ ಹಳದಿ ಹಕ್ಕಿಯ ತಾಣ 2020ರಲ್ಲಿ ಮೊಟ್ಟಮೊದಲು ಬಂದದ್ದು ಕನ್ನಡದಲ್ಲಿ. ಹಿಂದಿಗೂ ಮೊದಲು. ನಮ್ಮ ಭಾಷೆಗೆ ಅಂಥ ಗೌರವ ಸಿಗುವುದು ಅಪರೂಪ, ನನಗೆ ಅದರ ಬಗ್ಗೆ ಈಗಲೂ ಅಭಿಮಾನವಿದೆ. 2021ರ ಫೆಬ್ರವರಿಯಲ್ಲಿ ರೈತರ ಚಳವಳಿಯ ವೇಳೆ ಕೇಂದ್ರ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ನಡೆದಾಗ ಮಂತ್ರಿಗಳು, ಇಲಾಖೆಗಳು ಅಲ್ಲಿಗೆ ಹೋದರು. ಆಮೇಲೆ ಅದು ನೈಜೀರಿಯಾಕ್ಕೆ, ಬ್ರೆಜಿಲ್‌ಗೆ ಕೂಡ ಕಾಲಿಟ್ಟಿತು. ಆ್ಯಪ್ ಇಳಿಸಿಕೊಂಡವರ ಲೆಕ್ಕ 6 ಕೋಟಿ ಮುಟ್ಟಿತ್ತು. ಆದರೆ ಹೂಡಿಕೆಯ ಹಣ ಬತ್ತಿತು, ಬೇರೆ ಕಂಪನಿಗಳ ಜೊತೆ ಕೂಡಿಕೊಳ್ಳುವ ಮಾತುಕತೆ ಮುರಿದುಬಿತ್ತು, 2024ರ ಜುಲೈ 3ರಂದು ಮುಚ್ಚುತ್ತೇವೆ ಎಂದು ಸ್ಥಾಪಕರೇ ಹೇಳಿದರು. ಕನ್ನಡದಲ್ಲಿ ಇಂಥದ್ದು ನಡೆಯುವುದಿಲ್ಲ ಎಂದು ಆಗ ಹಲವರು ಷರಾ ಬರೆದರು. ನಾನು ಒಪ್ಪುವುದಿಲ್ಲ. ಬಿದ್ದದ್ದು ಭಾಷೆಯಲ್ಲ, ಹಣದ ಲೆಕ್ಕಾಚಾರ. ಬರೆಯುವವರ ಪಾಲಿಗೆ ಇದರಿಂದ ತಿಳಿಯುವುದು ಇಷ್ಟು: ತಾಣ ನಮ್ಮ ಊರಿನದ್ದೇ ಆಗಿರಲಿ, ನಮ್ಮ ಭಾಷೆಯಲ್ಲೇ ಹುಟ್ಟಿರಲಿ, ಬೀಗದ ಕೈ ನಮ್ಮ ಹತ್ತಿರ ಇರುವುದಿಲ್ಲ.

ಹಾಗಾಗಿ ಹೊಸ ಖಾತೆ ತೆರೆಯುವ ಮುಂಚೆ ಎಕ್ಸ್‌ನಲ್ಲಿರುವ ಈವರೆಗಿನ ದುಡಿಮೆಯನ್ನು ಮನೆಗೆ ತನ್ನಿ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಖಾತೆಯ ಭಾಗಕ್ಕೆ ಹೋದರೆ ಆರ್ಕೈವ್, ಅಂದರೆ ನೀವು ಬರೆದದ್ದೆಲ್ಲದರ ಒಟ್ಟು ಪ್ರತಿ, ಇಳಿಸಿಕೊಳ್ಳುವ ಆಯ್ಕೆ ಇದೆ. ಪಾಸ್‌ವರ್ಡ್ ಕೇಳುತ್ತದೆ, ಅರ್ಜಿ ತೆಗೆದುಕೊಳ್ಳುತ್ತದೆ, ಒಂದು ದಿನವೋ ಅದಕ್ಕಿಂತ ಹೆಚ್ಚೋ ಕಾಯಿಸುತ್ತದೆ. ಸಿದ್ಧವಾಯಿತು ಎಂಬ ಸುದ್ದಿ ಬಂದ ಕೂಡಲೇ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಿ, ಫೋನಿನಲ್ಲಿ ಬೇಡ. ಜಿಪ್ ಫೈಲ್ ಬಿಚ್ಚಿದರೆ ಒಳಗೆ ಬ್ರೌಸರ್‌ನಲ್ಲಿ ತೆರೆಯುವ ಒಂದು ಪುಟ, ಪೋಸ್ಟ್‌ಗಳ ಫೈಲ್, ಚಿತ್ರಗಳ ಫೋಲ್ಡರ್ ಎಲ್ಲ ಇರುತ್ತವೆ. ಒಂದು ಎಚ್ಚರಿಕೆ. ನೀವು ಪೋಸ್ಟ್‌ನಲ್ಲಿ ಕೊಟ್ಟ ಕೊಂಡಿಗಳೆಲ್ಲ ಎಕ್ಸ್‌ನ ಚುಟುಕು ವಿಳಾಸವಾಗಿ ಬದಲಾಗಿರುತ್ತವೆ. ಆ ಸೇವೆ ನಿಂತ ದಿನ ಅವು ಎಲ್ಲಿಗೂ ಕರೆದೊಯ್ಯುವುದಿಲ್ಲ. ಮುಖ್ಯವಾದ ಕೊಂಡಿಗಳಿದ್ದರೆ ಈಗಲೇ ಒಂದೊಂದಾಗಿ ಒತ್ತಿ ಮೂಲ ವಿಳಾಸ ಬರೆದಿಟ್ಟುಕೊಳ್ಳಿ.

ಆಮೇಲೆ ಒಂದು ಸ್ಪ್ರೆಡ್‌ಶೀಟ್ ಮಾಡಿ. ಸಾಲಿಗೊಂದು ಪದ: ತಾರೀಖು, ಪದ, ಅರ್ಥ, ಯಾವ ಸೀಮೆಯದ್ದು, ಯಾರಿಂದ ಕೇಳಿದ್ದು, ಚಿತ್ರದ ಫೈಲಿನ ಹೆಸರು. ಬೇಸರದ ಕೆಲಸ ಅನ್ನಿಸಬಹುದು. ನಿಮ್ಮ ಶಿಷ್ಯನಿಗೆ ಮ್ಯಾಸ್ಟೊಡಾನ್ ಬಗ್ಗೆ ಅಷ್ಟು ಹುಮ್ಮಸ್ಸಿದ್ದರೆ ಮೊದಲು ಈ ಕೆಲಸಕ್ಕೆ ಕೂರಿಸಿ. ಆರ್ಕೈವ್ ಫೈಲಿನಿಂದ ಅರ್ಧ ಅಂಕಣಗಳನ್ನು ಅವನು ತಾನಾಗಿ ತುಂಬುವಂತೆ ಮಾಡಬಲ್ಲ, ಉಳಿದದ್ದನ್ನು ನೀವೇ ತುಂಬಬೇಕು. ಇನ್ನು ಮುಂದೆ ಹೊಸ ಪದ ಮೊದಲು ಈ ಹಾಳೆಗೆ, ಆಮೇಲೆ ಸಂತೆಗೆ. ಪೆನ್‌ಡ್ರೈವ್‌ನಲ್ಲೊಂದು ಪ್ರತಿ, ಮಗಳ ಮನೆಯಲ್ಲೊಂದು ಪ್ರತಿ ಇರಲಿ.

ಈಗ ಮೂರು ಸಂತೆಗಳ ವಿಷಯ.

ಇನ್‌ಸ್ಟಾಗ್ರಾಮ್‌ನ ಒಡೆಯ ಕಂಪನಿ ಮೆಟಾದ ಥ್ರೆಡ್ಸ್ 2023ರ ಜುಲೈನಲ್ಲಿ ಬಂತು, ಐದೇ ದಿನದಲ್ಲಿ 10 ಕೋಟಿ ಜನ ಹೆಸರು ಬರೆಸಿದರು. ಇನ್‌ಸ್ಟಾಗ್ರಾಮ್ ಖಾತೆಯಿದ್ದವರಿಗೆ ಎರಡು ಸಲ ಒತ್ತಿದರೆ ಮುಗಿಯಿತು, ಅದಕ್ಕೇ ಅಷ್ಟು ವೇಗ. ಹಿಂಬಾಗಿಲಿನ ಕಥೆ ಮಾತ್ರ ಬೇರೆಯಿತ್ತು. ಮೊದಲ ಕೆಲವು ತಿಂಗಳು ಥ್ರೆಡ್ಸ್ ಖಾತೆ ಅಳಿಸಬೇಕಾದರೆ ಇನ್‌ಸ್ಟಾಗ್ರಾಮ್ ಖಾತೆಯನ್ನೂ ಅಳಿಸಬೇಕಿತ್ತು! ನವೆಂಬರ್‌ನಲ್ಲಿ ಅದನ್ನು ಸರಿಪಡಿಸಿದರು. ಬರೆದದ್ದನ್ನು ಇಳಿಸಿಕೊಳ್ಳಬಹುದು, ಜೊತೆಗಿರುವ ಜನರನ್ನು ಬೇರೆಡೆಗೆ ಕರೆದೊಯ್ಯಲು ದಾರಿಯಿಲ್ಲ. ನಿಮ್ಮ ಮಗಳ ವಯಸ್ಸಿನವರಿಗೆ ಪದಗಳು ತಲುಪಬೇಕೆಂದರೆ ಇದು ಸುಲಭದ ಜಾಗ. ಆದರೆ ಯಾವುದು ಯಾರ ಕಣ್ಣಿಗೆ ಬೀಳಬೇಕೆಂದು ಬಹುಮಟ್ಟಿಗೆ ಯಂತ್ರ ತೀರ್ಮಾನಿಸುತ್ತದೆ. ನಿಮ್ಮಂಥ ನಿಧಾನದ, ದಿನಕ್ಕೊಂದರ ಕೆಲಸಕ್ಕೆ ಅದು ಒಗ್ಗುತ್ತದೆ ಎಂದು ನನಗನ್ನಿಸುವುದಿಲ್ಲ.

ಮ್ಯಾಸ್ಟೊಡಾನ್ ಅರ್ಥವಾಗಬೇಕಾದರೆ ಹಾಲಿನ ಸೊಸೈಟಿಯನ್ನು ನೆನೆಸಿಕೊಳ್ಳಿ. ಊರಿಗೊಂದು ಸೊಸೈಟಿ, ಅದಕ್ಕೊಬ್ಬ ಕಾರ್ಯದರ್ಶಿ, ಅದರದೇ ನಿಯಮ. ಆದರೆ ಎಲ್ಲವೂ ಒಂದಕ್ಕೊಂದು ಜೋಡಿಕೊಂಡಿವೆ, ಒಂದೂರಿನವರು ಇನ್ನೊಂದೂರಿನವರ ಜೊತೆ ವ್ಯವಹಾರ ಮಾಡಬಹುದು. ಮ್ಯಾಸ್ಟೊಡಾನ್‌ನಲ್ಲಿ ಈ ಸೊಸೈಟಿಗೆ ಸರ್ವರ್ ಎನ್ನುತ್ತಾರೆ. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಇದನ್ನು ಶುರುಮಾಡಿದರು. ಸರ್ವರ್‌ಗಳು ಪರಸ್ಪರ ಮಾತಾಡುವ ನಿಯಮಾವಳಿಯ ಹೆಸರು ಆ್ಯಕ್ಟಿವಿಟಿಪಬ್. ಅದು ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಒಪ್ಪಿದ ಮುಕ್ತ ಮಾನದಂಡ, ಯಾರೊಬ್ಬರ ಆಸ್ತಿಯೂ ಅಲ್ಲ. ಜಾಹೀರಾತಿಲ್ಲ. ನೀವು ಹಿಂಬಾಲಿಸುವವರು ಬರೆದದ್ದು ಬರೆದ ಹೊತ್ತಿನ ಕ್ರಮದಲ್ಲೇ ಬರುತ್ತದೆ. ಒಂದು ಪೋಸ್ಟ್‌ಗೆ ಸಾಮಾನ್ಯವಾಗಿ 500 ಅಕ್ಷರ. ಹಾಕಿದ ಮೇಲೂ ತಿದ್ದಬಹುದು. ಅರ್ಥವನ್ನು ಆಮೇಲೆ ಪರಿಷ್ಕರಿಸುವ ನಿಮಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ವ್ಯಕ್ತಿಗಳನ್ನಷ್ಟೇ ಅಲ್ಲ, ‘ಕನ್ನಡ’ ಎಂಬ ಹ್ಯಾಶ್‌ಟ್ಯಾಗನ್ನೇ ಹಿಂಬಾಲಿಸಬಹುದು.

ಇಲ್ಲಿನ ಹಿಂಬಾಗಿಲು ಅರ್ಧ ತೆರೆದಿದೆ. ಒಂದು ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ನಿಮ್ಮ ಹಿಂಬಾಲಕರು ತಾವಾಗಿ ಜೊತೆಗೆ ಬರುತ್ತಾರೆ, ಇದು ದೊಡ್ಡ ಸೌಲಭ್ಯ. ಬರೆದ ಪೋಸ್ಟ್‌ಗಳು ಮಾತ್ರ ಬರುವುದಿಲ್ಲ. ಅವುಗಳ ಆರ್ಕೈವ್ ಇಳಿಸಿಕೊಳ್ಳಬಹುದು, ಏಳು ದಿನಕ್ಕೊಮ್ಮೆ ಕೇಳಲು ಅವಕಾಶವಿದೆ. ಇನ್ನೊಂದು ಷರತ್ತು: ಈ ಸ್ಥಳಾಂತರ ನಡೆಯಬೇಕಾದರೆ ಹಳೆಯ ಸರ್ವರ್ ಜೀವಂತವಿರಬೇಕು. ನಾನು ಇದನ್ನು ಕಷ್ಟಪಟ್ಟೇ ಕಲಿತದ್ದು. ಒಬ್ಬರೇ ನಡೆಸುತ್ತಿದ್ದ ಒಂದು ಸಣ್ಣ ಸರ್ವರ್‌ನಲ್ಲಿ ನನಗೆ ಖಾತೆಯಿತ್ತು. ಮೂರು ತಿಂಗಳ ಮುಂಚೆಯೇ ಮುಚ್ಚುವ ಸೂಚನೆ ಹಾಕಿದ್ದರಂತೆ. ನಾನು ಆ ಮೂರು ತಿಂಗಳು ಅತ್ತ ತಲೆ ಹಾಕಲಿಲ್ಲ. ಹೋಗಿ ನೋಡಿದಾಗ ಪುಟವೇ ಇರಲಿಲ್ಲ. ಪರಿಚಯವಾಗಿದ್ದ ನೂರಾರು ಜನರಲ್ಲಿ ಮತ್ತೆ ಸಿಕ್ಕವರು ಹದಿನೈದೋ ಇಪ್ಪತ್ತೋ. ಅದಕ್ಕೇ ಹೇಳುವುದು, ಸರ್ವರ್ ಆರಿಸುವಾಗ ಹೆಸರಿನ ಚೆಂದ ನೋಡಬೇಡಿ. ಎಷ್ಟು ವರ್ಷದಿಂದ ನಡೆಯುತ್ತಿದೆ, ಎಷ್ಟು ಜನ ಸೇರಿ ನಡೆಸುತ್ತಿದ್ದಾರೆ, ಖರ್ಚು ಎಲ್ಲಿಂದ ಬರುತ್ತಿದೆ, ಮುಚ್ಚುವುದಾದರೆ ಎಷ್ಟು ಮೊದಲೇ ತಿಳಿಸುತ್ತಾರೆ, ಇಷ್ಟನ್ನು ಅವರ ಪರಿಚಯ ಪುಟದಲ್ಲಿ ಓದಿ. ಬರೆದಿಲ್ಲದಿದ್ದರೆ ಕೇಳಿ.

ವಿಳಾಸದ ಬಾಲವನ್ನೂ ನೋಡಬೇಕು. ಡಾಟ್ ಎಎಫ್ ಎಂಬುದು ಅಫ್ಘಾನಿಸ್ತಾನದ ವಿಳಾಸ. ಕೇಳಲು ಚೆನ್ನಾಗಿದೆ ಎಂದು ಆ ವಿಳಾಸ ತೆಗೆದುಕೊಂಡಿದ್ದ ಕ್ವಿಯರ್ ಡಾಟ್ ಎಎಫ್ ಎಂಬ ಮ್ಯಾಸ್ಟೊಡಾನ್ ಸರ್ವರ್ 2024ರ ಫೆಬ್ರವರಿಯಲ್ಲಿ ತಾಲಿಬಾನ್ ಆಡಳಿತ ವಿಳಾಸವನ್ನೇ ತಡೆಹಿಡಿದಾಗ ಒಮ್ಮೆಗೇ ನಿಂತಿತು. ಸರ್ವರ್ ಯಂತ್ರ ಸರಿಯಾಗಿತ್ತು, ನಡೆಸುವವರೂ ಇದ್ದರು, ಹೆಸರು ಮಾತ್ರ ಕೈತಪ್ಪಿತು.

ಮ್ಯಾಸ್ಟೊಡಾನ್‌ನಲ್ಲಿ ಹೊಸಬರು ಜಾರಿಬೀಳುವ ಒಂದು ಕಡೆ ಖಾಸಗಿ ಸಂದೇಶ. ಅಲ್ಲಿ ಅದು ಬೇರೆ ಪೆಟ್ಟಿಗೆಯಲ್ಲ, ಪೋಸ್ಟಿನದೇ ಒಂದು ರೂಪ, ಹೆಸರಿಸಿದವರಿಗಷ್ಟೇ ಕಾಣುವಂಥದ್ದು. ಮಾತಿನ ನಡುವೆ ಮೂರನೆಯವರ ಹ್ಯಾಂಡಲ್, ಅಂದರೆ ಅವರ ಖಾತೆಯ ಹೆಸರು, ಬರೆದಿರೋ, ಅವರಿಗೂ ಆ ಸಂದೇಶ ಹೋಗುತ್ತದೆ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಲೂಬಹುದು. ಮನೆಯ ವಿಷಯ, ಫೋನ್ ನಂಬರು ಅಲ್ಲಿ ಬೇಡ.

ಬ್ಲೂಸ್ಕೈ ಹುಟ್ಟಿದ್ದು ಟ್ವಿಟರ್‌ನ ಹೊಟ್ಟೆಯಲ್ಲೇ. 2019ರ ಡಿಸೆಂಬರ್‌ನಲ್ಲಿ ಟ್ವಿಟರ್‌ನ ಆಗಿನ ಮುಖ್ಯಸ್ಥ ಜ್ಯಾಕ್ ಡಾರ್ಸಿ ಈ ಯೋಜನೆ ಪ್ರಕಟಿಸಿದರು, ಜೇ ಗ್ರೇಬರ್ ಮುಂದಾಳತ್ವದಲ್ಲಿ ಅದು ಬೇರೆ ಕಂಪನಿಯಾಯಿತು, 2024ರ ಫೆಬ್ರವರಿ 6ರವರೆಗೆ ಆಹ್ವಾನವಿದ್ದವರಿಗೆ ಮಾತ್ರ ಪ್ರವೇಶವಿತ್ತು. ನೋಡಲು ಹಳೆಯ ಟ್ವಿಟರ್ ಹಾಗೇ ಇದೆ, ನಿಮಗೆ ಕೈಗೆ ಬೇಗ ಹತ್ತುತ್ತದೆ. ನಿಮ್ಮ ಪೋಸ್ಟ್‌ಗಳೆಲ್ಲ ಒಂದೇ ಕಟ್ಟಿನಲ್ಲಿರುತ್ತವೆ, ಆ ಕಟ್ಟನ್ನು ಸೆಟ್ಟಿಂಗ್ಸ್‌ನಿಂದ ಇಳಿಸಿಕೊಳ್ಳಬಹುದು. ಚಿತ್ರಗಳು ಅದರಲ್ಲಿ ಬರುವುದಿಲ್ಲ ಎಂಬುದು ನೆನಪಿರಲಿ. ಖಾತೆಯನ್ನು ಬೇರೆಯವರ ಸರ್ವರ್‌ಗೆ ಸಾಗಿಸಲು ತಾಂತ್ರಿಕವಾಗಿ ದಾರಿಯಿದೆ, ಆದರೆ ಹೆಚ್ಚಿನವರೆಲ್ಲ ಇರುವುದು ಆ ಕಂಪನಿಯ ಸರ್ವರ್‌ಗಳಲ್ಲೇ. ಹಾಗಾಗಿ ಹಿಂಬಾಗಿಲು ಇದೆ, ಅದನ್ನು ಬಳಸಿದವರು ಕಡಿಮೆ. ನೀವು ಯಾವುದಕ್ಕೆ ಲೈಕ್ ಒತ್ತಿದಿರಿ, ಯಾರನ್ನು ಬ್ಲಾಕ್ ಮಾಡಿದಿರಿ ಎಂಬುದೂ ಅಲ್ಲಿ ಬಹಿರಂಗ ಮಾಹಿತಿ.

ಕನ್ನಡ ಬರೆಯುವವರಿಗೆ ಬ್ಲೂಸ್ಕೈನಲ್ಲಿ ಒಂದು ಲಾಭವಿದೆ. ಎಕ್ಸ್‌ನಲ್ಲಿ ಉಚಿತ ಖಾತೆಗೆ ಪೋಸ್ಟಿಗೆ 280 ಅಕ್ಷರ, ಬ್ಲೂಸ್ಕೈನಲ್ಲಿ 300, ಇಪ್ಪತ್ತೇ ತಾನೇ ಹೆಚ್ಚು ಎಂದುಕೊಳ್ಳುತ್ತೇವೆ. ನಿಮ್ಮ ಪಟ್ಟಿಯಲ್ಲಿರುವ ‘ಕಂಬಳಿಕೊಪ್ಪೆ’ ತೆಗೆದುಕೊಳ್ಳಿ. ಎಕ್ಸ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಅಂದರೆ ಅಕ್ಷರದ ಒಂದೊಂದು ಭಾಗಕ್ಕೂ ಕಂಪ್ಯೂಟರ್ ಕೊಡುವ ಗುರುತನ್ನು: ಕ, ಸೊನ್ನೆ, ಬ, ಳ, ಗುಡಿಸು, ಕ, ಒತ್ವ, ಪ, ಹಲಂತ, ಪ, ಎತ್ವ. ಒಟ್ಟು ಹನ್ನೊಂದು. ಬ್ಲೂಸ್ಕೈ ಎಣಿಸುವುದು ಕಣ್ಣಿಗೆ ಕಾಣುವ ಅಕ್ಷರಕ್ಕೆ ಹತ್ತಿರದ ತುಣುಕುಗಳನ್ನು: ಕಂ, ಬ, ಳಿ, ಕೊ, ಪ್, ಪೆ. ಆರು. ನೀವಾಗಿದ್ದರೆ ಮಕ್ಕಳಿಗೆ ಐದು ಎಂದು ಹೇಳಿಕೊಡುತ್ತೀರಿ, ಬ್ಲೂಸ್ಕೈ ಒತ್ತಕ್ಷರವನ್ನು ಬಿಡಿಸಿ ಎರಡು ಮಾಡುತ್ತದೆ. ಆದರೂ ಹನ್ನೊಂದೆಲ್ಲಿ, ಆರೆಲ್ಲಿ! ‘ಗೊರಬು’ ಎಕ್ಸ್‌ನಲ್ಲಿ ಐದು, ಬ್ಲೂಸ್ಕೈನಲ್ಲಿ ಮೂರು. ಇಂಗ್ಲಿಷಿನವರಿಗೆ ಇಪ್ಪತ್ತಕ್ಷರ ಹೆಚ್ಚು ಸಿಕ್ಕರೆ ಕನ್ನಡದವರಿಗೆ ಸುಮಾರು ಎರಡು ಪಟ್ಟು ಜಾಗ ಸಿಕ್ಕಂತಾಯಿತು. ಅರ್ಥ, ಬಳಕೆಯ ಒಂದು ವಾಕ್ಯ, ಯಾವ ಊರು ಎಂಬುದು ಮೂರೂ ಒಂದೇ ಪೋಸ್ಟಿನಲ್ಲಿ ಹಿಡಿಯುತ್ತವೆ. ಎಕ್ಸ್‌ನಲ್ಲಿ ನೀವು ಅರ್ಥವನ್ನು ಮೊಟಕು ಮಾಡಿದ ಕಡೆಗಳು ನಿಮ್ಮ ಹತ್ತು ಮಾದರಿಗಳಲ್ಲೇ ಕಾಣುತ್ತವೆ. ಅವನ್ನು ಹಾಳೆಗೆ ಏರಿಸುವಾಗ ಬಿಡಿಸಿ ಬರೆಯಿರಿ.

ಯಾವ ತಾಣವೇ ಆಗಲಿ, ಖಾತೆ ತೆರೆದ ದಿನವೇ ಮಾಡಬೇಕಾದ ಒಂದು ಸಣ್ಣ ಕೆಲಸವನ್ನು ಹತ್ತಕ್ಕೆ ಒಂಬತ್ತು ಜನ ಮಾಡುವುದಿಲ್ಲ. ಬ್ಲೂಸ್ಕೈ, ಮ್ಯಾಸ್ಟೊಡಾನ್ ಎರಡರಲ್ಲೂ ಪೋಸ್ಟ್ ಬರೆಯುವ ಚೌಕದ ಕೆಳಗೆ ಯಾವ ಭಾಷೆ ಎಂದು ಆರಿಸುವ ಜಾಗವಿದೆ. ಫೋನು ಇಂಗ್ಲಿಷಿನಲ್ಲಿದ್ದರೆ ಅದೂ ಇಂಗ್ಲಿಷ್ ಎಂದೇ ಇರುತ್ತದೆ. ನೀವು ಅಚ್ಚಗನ್ನಡದಲ್ಲಿ ಬರೆದರೂ ಯಂತ್ರದ ಲೆಕ್ಕದಲ್ಲಿ ಅದು ಇಂಗ್ಲಿಷ್ ಪೋಸ್ಟ್. ಕನ್ನಡ ಮಾತ್ರ ತೋರಿಸು ಎಂದು ಸೋಸಿಕೊಂಡವರಿಗೆ ಅದು ಕಾಣುವುದಿಲ್ಲ, ಅನುವಾದದ ಗುಂಡಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಕನ್ನಡ ಇಲ್ಲಿ ಯಾರೂ ಬರೆಯುವುದಿಲ್ಲ ಎಂದು ದೂರುವ ಎಷ್ಟೋ ಜನರ ಪೋಸ್ಟ್‌ಗಳು ಇಂಗ್ಲಿಷ್ ಎಂಬ ಚೀಟಿ ಅಂಟಿಸಿಕೊಂಡು ಕೂತಿರುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಒಮ್ಮೆ ಕನ್ನಡ ಆರಿಸಿ, ಆಮೇಲೆ ಆಗಾಗ ಕಣ್ಣಾಡಿಸಿ. ಪದದ ಚಿತ್ರ ಹಾಕುವಾಗ ಅದರ ವಿವರಣೆಯ ಜಾಗದಲ್ಲೂ ಎರಡು ಸಾಲು ಕನ್ನಡದಲ್ಲೇ ಬರೆಯಿರಿ. ಕಣ್ಣು ಕಾಣದವರಿಗೆ ಫೋನು ಅದನ್ನು ಓದಿ ಹೇಳುತ್ತದೆ.

ಹೆಸರಿನ ಮಾತು. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಡಾಟ್ ಇನ್ ವಿಳಾಸವೊಂದು ಸಿಗುತ್ತದೆ. ಸಾಧ್ಯವಾದರೆ ತೆಗೆದುಕೊಳ್ಳಿ. ಆ ಹಾಳೆಯನ್ನು ಸರಳ ಪುಟವಾಗಿ ಅಲ್ಲಿ ಇಡಬಹುದು, ಬ್ಲೂಸ್ಕೈನಲ್ಲಿ ಅದನ್ನೇ ನಿಮ್ಮ ಹ್ಯಾಂಡಲ್ ಮಾಡಿಕೊಳ್ಳಬಹುದು. ತಾಣ ಬದಲಾದರೂ ಹುಡುಕಿಕೊಂಡು ಬರುವವರಿಗೆ ವಿಳಾಸ ಒಂದೇ ಇರುತ್ತದೆ. ಕನ್ನಡ ಲಿಪಿಯ ಡಾಟ್ ಭಾರತ ವಿಳಾಸದ ಆಸೆ ನಿಮಗೂ ಆಗುತ್ತದೆ, ನನಗೂ ಆಗಿತ್ತು. ಆದರೆ ಬ್ಲೂಸ್ಕೈ ಹ್ಯಾಂಡಲ್‌ನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಬಿಟ್ಟು ಬೇರೇನೂ ನಡೆಯುವುದಿಲ್ಲ. ಕನ್ನಡ ವಿಳಾಸ ಅಲ್ಲಿ ಓದಲಾಗದ ಅಕ್ಷರಮಾಲೆಯಾಗಿ ಕಾಣುತ್ತದೆ. ಕಾಣುವ ಹೆಸರನ್ನು ಕನ್ನಡದಲ್ಲಿ ಬರೆದುಕೊಳ್ಳಿ, ಹ್ಯಾಂಡಲ್ ಇಂಗ್ಲಿಷಿನಲ್ಲಿರಲಿ.

ಒಂದೇ ಸಲ ಬರೆದು ಎಲ್ಲ ಕಡೆ ಹಾಕುವ ಉಪಕರಣಗಳ ಬಗ್ಗೆ ನಿಮ್ಮ ಅಳಿಯ ಹೇಳಿರಬಹುದು. ಬಫರ್ ಮೂಲಕ ಬ್ಲೂಸ್ಕೈ, ಮ್ಯಾಸ್ಟೊಡಾನ್, ಥ್ರೆಡ್ಸ್ ಮೂರಕ್ಕೂ ಹಾಕಬಹುದು. ಬ್ರಿಜಿ ಫೆಡ್ ಎಂಬ ಸೇತುವೆ ಮ್ಯಾಸ್ಟೊಡಾನ್‌ನಲ್ಲಿ ಬರೆದದ್ದನ್ನು ಬ್ಲೂಸ್ಕೈನವರಿಗೂ ಕಾಣಿಸುತ್ತದೆ. ಬಳಸಿ, ತಪ್ಪೇನಿಲ್ಲ. ಆದರೆ ಇವೆಲ್ಲ ಇನ್ನೊಬ್ಬರ ಅನುಮತಿಯ ಮೇಲೆ ನಡೆಯುವಂಥವು. 2023ರ ಜನವರಿಯಲ್ಲಿ ಟ್ವೀಟ್‌ಬಾಟ್, ಟ್ವಿಟರಿಫಿಕ್‌ನಂಥ ಹತ್ತು ವರ್ಷಕ್ಕೂ ಹಳೆಯ ಆ್ಯಪ್‌ಗಳನ್ನು ಟ್ವಿಟರ್ ಮುನ್ಸೂಚನೆಯಿಲ್ಲದೆ ನಿಲ್ಲಿಸಿತು. ಮರುತಿಂಗಳೇ ಹೊರಗಿನ ಉಪಕರಣಗಳಿಗೆ ಉಚಿತ ಪ್ರವೇಶ ಕೊನೆಗೊಳಿಸುವುದಾಗಿ ಹೇಳಿತು. ಇಂಥ ಉಪಕರಣಕ್ಕೆ ನಿಮ್ಮ ನಿಜವಾದ ಪಾಸ್‌ವರ್ಡ್ ಯಾವತ್ತೂ ಕೊಡಬೇಡಿ. ಬ್ಲೂಸ್ಕೈನಲ್ಲಿ ಆ್ಯಪ್ ಪಾಸ್‌ವರ್ಡ್ ಎಂದು ಬೇರೆಯದೇ ಮಾಡಿಕೊಡಬಹುದು, ಬೇಡವಾದಾಗ ಅದೊಂದನ್ನೇ ಅಳಿಸಿದರಾಯಿತು. ಇನ್ನೊಂದು, ಉಪಕರಣ ನಿಮ್ಮ ಪದವನ್ನು ನಾಲ್ಕು ಕಡೆ ಹೊತ್ತೊಯ್ಯುತ್ತದೆ, ಅಲ್ಲಿ ಬಂದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಹೋಗಿ ಮಾತಾಡಿಸಲಾಗದ ಕಡೆ ಪದ ಬಿಸಾಡಿ ಬರಬೇಡಿ.

ನಾಳೆ ಇನ್ನೂ ಹೊಸದೊಂದು ಬಂತು, ಎಲ್ಲರೂ ಓಡುತ್ತಿದ್ದಾರೆ ಅಂದುಕೊಳ್ಳಿ. ಮೊದಲ ಒಂದೆರಡು ತಿಂಗಳು ಫೋನ್ ನಂಬರು, ಸಂಪರ್ಕಗಳ ಪಟ್ಟಿ ಕೊಡದೆ ದೂರದಿಂದ ನೋಡಿ. 2022ರ ನವೆಂಬರ್‌ನಲ್ಲಿ ಟ್ವಿಟರ್ ಬಿಟ್ಟವರು ಹೈವ್ ಸೋಷಿಯಲ್‌ಗೆ ನುಗ್ಗಿದರು. ತಿಂಗಳು ಮುಗಿಯುವುದರೊಳಗೆ ಜರ್ಮನಿಯ ಸಂಶೋಧಕರು ಅದರಲ್ಲಿ ಬೇರೆಯವರ ಖಾಸಗಿ ಸಂದೇಶಗಳನ್ನೂ ಓದಬಲ್ಲಂಥ ಲೋಪಗಳನ್ನು ತೋರಿಸಿದರು, ಸರಿಪಡಿಸಲು ತಾಣವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ಇನ್ನು ಜನರ ಪ್ರಶ್ನೆ, ನಿಮ್ಮ ಪತ್ರದ ನೋವಿರುವುದೂ ಅಲ್ಲೇ. 2019ರ ಅಕ್ಟೋಬರ್ ಕೊನೆಯಲ್ಲಿ ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ ಸಿಟ್ಟಿಗೆದ್ದ ಎಷ್ಟೋ ಭಾರತೀಯರು ನವೆಂಬರ್‌ನಲ್ಲಿ ಮ್ಯಾಸ್ಟೊಡಾನ್‌ಗೆ ಹೋದರು. ನಮಸ್ಕಾರ ಹೇಳಿದರು, ಸುತ್ತ ನೋಡಿದರು, ಪರಿಚಯದವರು ಸಿಗಲಿಲ್ಲ, ಹೆಚ್ಚಿನವರು ವಾಪಸ್ ಬಂದರು. 2024ರ ಆಗಸ್ಟ್ ಕೊನೆಯಲ್ಲಿ ಬ್ರೆಜಿಲ್‌ನ ಸುಪ್ರೀಂ ಕೋರ್ಟು ಎಕ್ಸ್‌ಗೆ ನಿಷೇಧ ಹೇರಿದಾಗ ಬೇರೆಯದೇ ನಡೆಯಿತು. ಲಕ್ಷಗಟ್ಟಲೆ ಜನ ಒಟ್ಟಿಗೇ ಬ್ಲೂಸ್ಕೈಗೆ ಹೋದರು, ರಾತ್ರಿ ಬೆಳಗಾಗುವುದರೊಳಗೆ ಅಲ್ಲಿ ಪೋರ್ಚುಗೀಸ್ ಮಾತು ತುಂಬಿತು. ಒಬ್ಬೊಬ್ಬರೇ ಹೋದರೆ ಮೌನ, ಗುಂಪಾಗಿ ಹೋದರೆ ಊರು. ನಿಮ್ಮನ್ನು ನಿಯಮಿತವಾಗಿ ಮಾತಾಡಿಸುವ ಇಪ್ಪತ್ತು ಜನರ ಹೆಸರು ಬರೆದುಕೊಳ್ಳಿ, ಒಬ್ಬೊಬ್ಬರನ್ನೂ ನೀವು ಎಲ್ಲಿದ್ದೀರಿ, ಎಲ್ಲಿಗೆ ಬರಬಲ್ಲಿರಿ ಎಂದು ಕೇಳಿ. ಅವರಲ್ಲಿ ಏಳೆಂಟು ಜನ ಒಂದು ಕಡೆ ಬರಲೊಪ್ಪಿದರೆ ಅದೇ ನಿಮ್ಮ ಜಾಗ, ನನ್ನ ಶಿಫಾರಸು ಬೇಕಿಲ್ಲ. ಬ್ಲೂಸ್ಕೈಗೆ ಎಂದು ತೀರ್ಮಾನವಾದರೆ ಸ್ಟಾರ್ಟರ್ ಪ್ಯಾಕ್ ಎಂಬ ಸೌಲಭ್ಯವಿದೆ. 150 ಜನರವರೆಗೆ ಹೆಸರು ಸೇರಿಸಿ ಒಂದು ಕೊಂಡಿ ಮಾಡಬಹುದು, ಹೊಸಬರು ಆ ಕೊಂಡಿ ಒತ್ತಿದರೆ ಎಲ್ಲರನ್ನೂ ಒಂದೇ ಏಟಿಗೆ ಹಿಂಬಾಲಿಸಬಹುದು.

ಯಾರೂ ಏನೂ ಹೇಳದಿದ್ದರೆ ಆಗ ನನ್ನ ಸಲಹೆ: ಎಕ್ಸ್ ಬಿಡಬೇಡಿ, ಜೊತೆಗೆ ಬ್ಲೂಸ್ಕೈ ಮತ್ತು ಮ್ಯಾಸ್ಟೊಡಾನ್ ಎರಡರಲ್ಲೂ ಮೂರು ವಾರ ಅದೇ ಪದಗಳನ್ನು ಹಾಕಿ. ಲೈಕ್ ಎಣಿಸಬೇಡಿ. ನಮ್ಮ ಕಡೆ ಇದನ್ನು ಹೀಗನ್ನುತ್ತೇವೆ ಎಂದು ಬರೆದವರನ್ನು ಮಾತ್ರ ಎಣಿಸಿ. ಮೂರು ವಾರದ ಕೊನೆಗೆ ಸೊನ್ನೆ ಬಂದ ಕಡೆ ಖಾತೆ ಇಟ್ಟುಕೊಂಡು ಹೋಗುವುದನ್ನು ನಿಲ್ಲಿಸಿ.

ಈಗ ಗೊರಬಿಗೆ ಬರುತ್ತೇನೆ. ಎಕ್ಸ್ ಕೊಡುವ ಆರ್ಕೈವ್‌ನಲ್ಲಿ ನೀವು ಬರೆದದ್ದಿರುತ್ತದೆ, ಬೇರೆಯವರಿಗೆ ನೀವು ಕೊಟ್ಟ ಉತ್ತರವೂ ಇರುತ್ತದೆ. ನಿಮಗೆ ಬೇರೆಯವರು ಕೊಟ್ಟ ಉತ್ತರ ಇರುವುದಿಲ್ಲ. ಮ್ಯಾಸ್ಟೊಡಾನ್, ಬ್ಲೂಸ್ಕೈ ಕಟ್ಟಿನಲ್ಲೂ ಅಷ್ಟೇ, ಅವರವರು ಬರೆದದ್ದು ಅವರವರಿಗೆ. ಅಂದರೆ ಕುಂದಾಪುರದ ಆ ಅಜ್ಜಿಯ ಎಲೆಯ ವಿವರ, ‘ಕೊರಂಬು’ ಎಂಬ ತುಳು ಪದ, ಇವೆರಡೂ ನೀವು ಇಳಿಸಿಕೊಳ್ಳುವ ಜಿಪ್ ಫೈಲಿನಲ್ಲಿ ಇಲ್ಲ. ಬರೆದವರು ತಮ್ಮ ಖಾತೆ ಅಳಿಸಿದ ದಿನ ಎಕ್ಸ್‌ನಲ್ಲೂ ಇರುವುದಿಲ್ಲ. ಅಲ್ಲಿ ಮಾತಾಡಿಸುವವರು ಕಡಿಮೆಯಾಗಿದ್ದಾರೆ ಎಂದು ನೀವೇ ಬರೆದಿದ್ದೀರಿ, ಅಂದಮೇಲೆ ಆ ಉತ್ತರಗಳು ದಿನದಿನಕ್ಕೂ ಕಳೆದುಹೋಗುತ್ತಿರಬಹುದು. ಅದಕ್ಕೆ ಯಂತ್ರದ ದಾರಿಯಿಲ್ಲ, ಕೈಯಿಂದಲೇ ಆಗಬೇಕು. ನಿಮ್ಮ ಹಾಳೆಗೆ ಇನ್ನೊಂದು ಅಂಕಣ ಸೇರಿಸಿ, ‘ಓದುಗರು ಹೇಳಿದ್ದು’ ಎಂದು. ಅತಿ ಹೆಚ್ಚು ಮಾತುಕತೆ ನಡೆದ ನೂರು ಪದಗಳಿಂದ ಶುರುಮಾಡಿ ಒಂದೊಂದನ್ನೇ ತೆರೆದು ಉತ್ತರಗಳನ್ನು ನಕಲು ಮಾಡಿಡಿ, ಊರಿನ ಹೆಸರು ಜೊತೆಗಿರಲಿ. ಮುಂದೆ ಎಲ್ಲಾದರೂ ಪ್ರಕಟಿಸುವುದಾದರೆ ಬರೆದವರನ್ನು ಈಗಲೇ ಒಂದು ಮಾತು ಕೇಳಿಬಿಡಿ, ಆಮೇಲೆ ಅವರು ಸಿಗಲಿಕ್ಕಿಲ್ಲ. ದಿನಕ್ಕೆ ಐದು ಪದದ ಹಾಗೆ ಮಾಡಿದರೂ ಇಪ್ಪತ್ತು ದಿನ ಸಾಕು. ಖಾತೆ ತೆರೆಯುವುದು ಇಪ್ಪತ್ತೊಂದನೆಯ ದಿನ ಆಗಲಿ. ಗೊರಬಿನ ಆ ಎರಡು ಉತ್ತರಗಳನ್ನು ಮಾತ್ರ ಇವತ್ತೇ ಬರೆದಿಟ್ಟುಕೊಳ್ಳಿ.